ಕತೆಯಿಂದ ಚಿತ್ರವನ್ನು ಕೀಳಬೇಡಿ

1913ರಲ್ಲಿ ಲಂಡನ್ನಿನ ಜಾರ್ಜ್ ಹ್ಯಾರಪ್ ಪ್ರಕಾಶನ ಸಂಸ್ಥೆ ತುರ್ಕಿಯ ನಲವತ್ನಾಲ್ಕು ಜನಪದ ಕತೆಗಳ ದೊಡ್ಡ ಪುಸ್ತಕವೊಂದನ್ನು ಹೊರತಂದಿತು. ಕತೆಗಳನ್ನು ಕೂಡಿಸಿದವರು ಹಂಗೇರಿಯ ವಿದ್ವಾಂಸ ಇಗ್ನಾಟ್ಸ್ ಕೂನೋಶ್. ಚಿತ್ರ ಬರೆದವರು ಹಂಗೇರಿಯವರೇ ಆದ ವಿಲ್ಲಿ ಪೊಗಾನಿ. ಹದಿನಾರು ಬಣ್ಣದ ಪುಟಗಳು, ಕತೆಯ ನಡುನಡುವೆ ಹರಡಿಕೊಂಡ ಲೆಕ್ಕವಿಲ್ಲದಷ್ಟು ಸಣ್ಣ ಚಿತ್ರಗಳು, ಅಲಂಕರಿಸಿದ ರಟ್ಟು. ನೂರು ವರ್ಷ ದಾಟಿದ ಈ ಆವೃತ್ತಿ ಈಗ ಅಪರೂಪದ್ದು. ಹಳೆಯ ಪುಸ್ತಕಗಳ ಪೇಟೆಯಲ್ಲಿ ಇಂಥ ಪುಸ್ತಕಗಳು ಎರಡು ಬಗೆಯಲ್ಲಿ ಮಾರಾಟವಾಗುತ್ತವೆ. ಇಡೀ ಪುಸ್ತಕವನ್ನು ಕೊಂಡು ಜೋಪಾನ ಮಾಡುವವರಿದ್ದಾರೆ. ಬಣ್ಣದ ಪುಟಗಳನ್ನು ಬಿಡಿಸಿ, ಒಂದೊಂದಕ್ಕೂ ಚೌಕಟ್ಟು ಹಾಕಿಸಿ, ಗೋಡೆಯ ಅಲಂಕಾರವೆಂದು ಮಾರುವವರೂ ಇದ್ದಾರೆ. ಈ ಎರಡನೆಯ ವ್ಯಾಪಾರ ನಿಲ್ಲಬೇಕು. ಅದು ಕಾನೂನಿಗೆ ವಿರುದ್ಧವಲ್ಲದಿರಬಹುದು, ಆದರೆ ಅದರಿಂದ ಆಗುವ ನಷ್ಟ ಎಂಥದ್ದು ಎಂಬುದನ್ನು ಕೊಳ್ಳುವವರೂ ಮಾರುವವರೂ ಸರಿಯಾಗಿ ಲೆಕ್ಕ ಹಾಕಿಲ್ಲ.

ಪುಟ ಕೀಳುವುದು ಎಷ್ಟು ಸುಲಭ ಎಂಬುದನ್ನು ಮೊದಲು ನೋಡಬೇಕು. ಆ ಕಾಲದಲ್ಲಿ ಚಾಲ್ತಿಗೆ ಬಂದಿದ್ದ ಮೂರು ಬಣ್ಣದ ಅಚ್ಚಿನ ವಿಧಾನಕ್ಕೆ ನುಣುಪಾದ, ಲೇಪವಿರುವ ಕಾಗದವೇ ಬೇಕಿತ್ತು. ಕತೆ ಅಚ್ಚಾಗುವ ಒರಟು ಕಾಗದದ ಮೇಲೆ ಆ ಬಣ್ಣಗಳು ಕೂರುತ್ತಿರಲಿಲ್ಲ. ಹಾಗಾಗಿ ಚಿತ್ರಗಳನ್ನು ಬೇರೆಯಾಗಿ ಅಚ್ಚು ಮಾಡಿ, ಒಂದು ಅಂಚಿಗೆ ಮಾತ್ರ ಅಂಟು ಸವರಿ, ಪುಸ್ತಕದೊಳಗಿನ ದಪ್ಪ ಹಾಳೆಗಳ ಮೇಲೆ ಕೈಯಿಂದ ಅಂಟಿಸುತ್ತಿದ್ದರು. ಉಳಿದ ಮೂರು ಅಂಚುಗಳು ಬಿಡಿಯಾಗಿಯೇ ಇರುತ್ತವೆ. ಒಣಗಿದ ಹಳೆಯ ಅಂಟಿನ ಕೆಳಗೆ ಒಂದು ತೆಳು ಅಲಗು ತೂರಿಸಿದರೆ ಚಿತ್ರ ಕೈಗೆ ಬರುತ್ತದೆ. ಹೊಲಿಗೆ ಕತ್ತರಿಸಬೇಕಿಲ್ಲ, ರಟ್ಟು ಹರಿಯಬೇಕಿಲ್ಲ. ಹದಿನಾರು ಚಿತ್ರಗಳನ್ನು ಬಿಡಿಬಿಡಿಯಾಗಿ ಮಾರಿದಾಗ ಸಿಗುವ ಹಣ ಇಡೀ ಪುಸ್ತಕದ ಬೆಲೆಯನ್ನು ಮೀರುವಂತಿದ್ದರೆ, ವ್ಯಾಪಾರಿಯ ಕೈ ಅಲಗಿನ ಕಡೆ ಹೋಗುವುದು ಸಹಜ. ಚಿತ್ರ ಕಳೆದುಕೊಂಡು ಉಳಿದ ಕತೆಗಳಿಗೆ ಆಮೇಲೆ ಗಿರಾಕಿಯೇ ಇರುವುದಿಲ್ಲ.

ಆ ಕತೆಗಳು ಲಂಡನ್ನಿನ ಅಚ್ಚುಮನೆಗೆ ಬಂದ ದಾರಿ ಬಹಳ ದೂರದ್ದು. 1860ರಲ್ಲಿ ಹುಟ್ಟಿದ ಕೂನೋಶ್, ದರ್ವೇಶಿಯ ವೇಷದಲ್ಲಿ ಮಧ್ಯ ಏಷ್ಯಾ ಸುತ್ತಿಬಂದಿದ್ದ ಪ್ರಸಿದ್ಧ ವಿದ್ವಾಂಸ ಆರ್ಮಿನ್ ವಾಂಬೆರಿಯ ಶಿಷ್ಯ. ಹಂಗೇರಿಯನ್ ಭಾಷೆಯ ನೆಂಟಸ್ತಿಕೆ ಫಿನ್ನಿಷ್ ಕಡೆಗೋ ತುರ್ಕಿ ಕಡೆಗೋ ಎಂಬ ವಾದ ಆಗ ಆ ದೇಶದಲ್ಲಿ ಜೋರಾಗಿತ್ತು. ಒಂದೂವರೆ ಶತಮಾನ ಬುಡಾ ಕೋಟೆಯನ್ನು ಆಳಿದ್ದ ತುರ್ಕರ ಭಾಷೆಯಲ್ಲೇ ತಮ್ಮ ಮೂಲವನ್ನು ಹುಡುಕುವ ತವಕ ಹಂಗೇರಿಯನ್ನರಿಗೆ ಬಂದದ್ದು ಚರಿತ್ರೆಯ ವಿಚಿತ್ರಗಳಲ್ಲಿ ಒಂದು. 1885ರಲ್ಲಿ ಇಸ್ತಾಂಬುಲ್ಲಿಗೆ ಹೋದ ಕೂನೋಶ್ ಸುಮಾರು ಐದು ವರ್ಷ ಆ ನಾಡಿನಲ್ಲಿದ್ದು, ಜನ ಬಾಯಲ್ಲಿ ಹೇಳುತ್ತಿದ್ದ ಕತೆ, ಹಾಡು, ಒಗಟುಗಳನ್ನು ಬರೆದುಕೊಂಡರು. ಆ ಕಾಲದ ಒಟ್ಟೊಮನ್ ಪಂಡಿತರಿಗೆ ಸಾಹಿತ್ಯವೆಂದರೆ ಅರಬ್ಬಿ, ಪಾರಸಿ ಪದಗಳು ತುಂಬಿದ ದರಬಾರಿ ಭಾಷೆ. ಅಡುಗೆಮನೆಯಲ್ಲಿ, ಚಳಿಗಾಲದ ಬೆಂಕಿಯ ಸುತ್ತ ಹೆಂಗಸರು ಹೇಳುವ ಕತೆ ಅವರ ಕಣ್ಣಿಗೆ ಸಾಹಿತ್ಯವಾಗಿರಲಿಲ್ಲ. ಹೊರಗಿನಿಂದ ಬಂದ ಈ ತರುಣ ಆ ಆಡುಮಾತಿಗೆ ಕಿವಿಕೊಟ್ಟ. ಬರೆದುಕೊಂಡದ್ದು 1887 ಮತ್ತು 1889ರ ನಡುವೆ ಎರಡು ಸಂಪುಟಗಳಾಗಿ ಹಂಗೇರಿಯಲ್ಲಿ ಅಚ್ಚಾಯಿತು. 1896ರಲ್ಲಿ ಅದರ ಒಂದಿಷ್ಟು ಭಾಗವನ್ನು ನಿಸ್ಬೆಟ್ ಬೇನ್ ಹಂಗೇರಿಯನ್ನಿನಿಂದ ಇಂಗ್ಲಿಷಿಗೆ ತಂದರು. 1905ರಲ್ಲಿ ಹಾಲೆಂಡಿನ ಲೈಡನ್ ನಗರದಿಂದ ಜರ್ಮನ್ ಆವೃತ್ತಿ ಬಂತು. ತುರ್ಕರೇ ತಮ್ಮ ಜನಪದ ಕತೆಗಳ ಕಡೆ ಗಂಭೀರವಾಗಿ ತಿರುಗಿದ್ದು ಚಿಂತಕ ಜಿಯಾ ಗ್ಯೋಕಾಲ್ಪ್ ಮತ್ತು ಆಮೇಲೆ ಜನಪದ ವಿದ್ವಾಂಸ ಪೆರ್ತೆವ್ ನೈಲಿ ಬೋರಾತಾವ್ ಅವರ ಕಾಲಕ್ಕೆ. ಬೋರಾತಾವ್ ಮತ್ತು ಜರ್ಮನ್ ವಿದ್ವಾಂಸ ಎಬರ್‌ಹಾರ್ಡ್ ಸೇರಿ ತುರ್ಕಿ ಕತೆಗಳ ವರ್ಗಸೂಚಿಯನ್ನು 1953ರಲ್ಲಿ ಪ್ರಕಟಿಸಿದರು. ಅಂಕಾರಾದಲ್ಲಿ ಬೋರಾತಾವ್ ನಡೆಸುತ್ತಿದ್ದ ಜನಪದ ವಿಭಾಗವನ್ನು ರಾಜಕೀಯ ಕಾರಣಕ್ಕೆ 1948ರಲ್ಲಿ ಮುಚ್ಚಿಸಲಾಗಿತ್ತು, ಸೂಚಿ ಪ್ರಕಟವಾಗುವ ಹೊತ್ತಿಗೆ ಅವರು ಪ್ಯಾರಿಸ್ ಸೇರಿದ್ದರು. ತನ್ನದೇ ಅಜ್ಜಿಕತೆಗಳನ್ನು ಒಂದು ದೇಶ ಎಷ್ಟು ಕಷ್ಟಪಟ್ಟು ಉಳಿಸಿಕೊಂಡಿದೆ ಎಂಬುದಕ್ಕೆ ಇಷ್ಟು ಸಾಕು. ಆ ದಾರಿಯ ಆರಂಭದ ಗುರುತುಗಳಲ್ಲಿ 1913ರ ಪುಸ್ತಕವೂ ಒಂದು.

ಪೊಗಾನಿ ಬಂದದ್ದು ಬೇರೆ ದಾರಿಯಿಂದ. 1882ರಲ್ಲಿ ಸೆಗೆಡ್ ಊರಿನಲ್ಲಿ ಹುಟ್ಟಿ, ಪ್ಯಾರಿಸ್ಸಿನಲ್ಲಿ ಕೆಲಕಾಲವಿದ್ದು, ಲಂಡನ್ನಿಗೆ ಬಂದು ನೆಲೆಸಿದ ಕಲಾವಿದ. ಆರ್ಥರ್ ರ‍್ಯಾಕಮ್ 1905ರಲ್ಲಿ, ಎಡ್ಮಂಡ್ ಡ್ಯುಲಾಕ್ 1907ರಲ್ಲಿ ಬಣ್ಣದ ಚಿತ್ರಗಳ ಉಡುಗೊರೆ ಪುಸ್ತಕಗಳಿಂದ ಹೆಸರು ಮಾಡಿದ್ದರು. ಕ್ರಿಸ್‌ಮಸ್‌ಗೆ ಶ್ರೀಮಂತ ಮನೆಗಳಲ್ಲಿ ಕೊಡುವ ಈ ಭಾರೀ ಪುಸ್ತಕಗಳಲ್ಲಿ ಪ್ರಕಾಶಕರ ನಡುವೆ ಪೈಪೋಟಿಯೇ ಇತ್ತು. ಹ್ಯಾರಪ್ ಸಂಸ್ಥೆಗೆ ಪೊಗಾನಿ ಅಂಥ ಪುಸ್ತಕಗಳನ್ನು ಒಂದರ ಹಿಂದೊಂದು ಮಾಡಿಕೊಟ್ಟರು. ಅಕ್ಷರ, ಅಂಚು, ಚಿತ್ರ, ರಟ್ಟು ಎಲ್ಲವನ್ನೂ ಒಟ್ಟಿಗೆ ಕಲ್ಪಿಸಿಕೊಂಡು ಪುಸ್ತಕ ಕಟ್ಟುವುದು ಅವರ ವಿಶೇಷ. ತುರ್ಕಿ ಕತೆಗಳಲ್ಲೂ ಬಣ್ಣದ ಪುಟ ಎಷ್ಟು ಮುಖ್ಯವೋ ಕತೆಯ ಸಾಲುಗಳ ಪಕ್ಕದಲ್ಲಿ ಹರಿದಾಡುವ ಸಣ್ಣ ಚಿತ್ರಗಳೂ ಅಷ್ಟೇ ಮುಖ್ಯ. ಹದಿನಾರು ಹಾಳೆ ಕಿತ್ತರೆ ಉಳಿಯುವುದು ‘ಚಿತ್ರವಿಲ್ಲದ ಪುಸ್ತಕ’ವಲ್ಲ, ನಡುವೆ ಹದಿನಾರು ಕಡೆ ಮಾತು ತಪ್ಪಿದ ಪುಸ್ತಕ. ಇನ್ನೊಂದು ಸಂಗತಿಯನ್ನೂ ಮರೆಯಬಾರದು. 1913 ಬಾಲ್ಕನ್ ಯುದ್ಧಗಳ ವರ್ಷ. ಯುರೋಪಿನಲ್ಲಿದ್ದ ತನ್ನ ಬಹುಪಾಲು ನೆಲವನ್ನು ಒಟ್ಟೊಮನ್ ಸಾಮ್ರಾಜ್ಯ ಬಿಟ್ಟುಕೊಡಬೇಕಾದ ಒಪ್ಪಂದಕ್ಕೆ ಆ ವರ್ಷದ ಮೇ ತಿಂಗಳಲ್ಲಿ ಸಹಿ ಬಿದ್ದದ್ದು ಇದೇ ಲಂಡನ್ನಿನಲ್ಲಿ. ಆ ಊರಿನ ಅಂಗಡಿಗಳಲ್ಲಿ ಅದೇ ವರ್ಷ ಪಾದಿಷಾ ದೊರೆಗಳ, ಪೆರಿ ಎಂಬ ಯಕ್ಷಿಣಿಯರ ಈ ಚೆಲುವಾದ ಪುಸ್ತಕ ಮಾರಾಟಕ್ಕಿತ್ತು. ಮರುವರ್ಷ ಮಹಾಯುದ್ಧ ಶುರುವಾಗಿ ಇಂಥ ಪುಸ್ತಕಗಳ ಕಾಲವೇ ಮುಗಿಯಿತು. ಪೊಗಾನಿ ಅಮೆರಿಕಕ್ಕೆ ಹೋದರು. ಶೀರ್ಷಿಕೆ ಪುಟ, ವರ್ಷ, ಊರು, ಮುನ್ನುಡಿ ಎಲ್ಲವೂ ಜೊತೆಗಿದ್ದಾಗ ಮಾತ್ರ ಇದನ್ನೆಲ್ಲ ಪುಸ್ತಕದಿಂದ ಓದಬಹುದು. ಗೋಡೆಗೆ ತೂಗುಹಾಕಿದ ಹಾಳೆಯಲ್ಲಿ ಕಾಣುವುದು ರುಮಾಲು ಸುತ್ತಿದ ಒಬ್ಬ ರಾಜಕುಮಾರ ಮಾತ್ರ.

ಕತೆ ಮತ್ತು ಚಿತ್ರ ಜೊತೆಗಿರಲೇಬೇಕೆನ್ನುವುದಕ್ಕೆ ಈ ಪುಸ್ತಕದ ಒಂದೇ ಕತೆಯನ್ನು ಹತ್ತಿರದಿಂದ ನೋಡಿದರೂ ಸಾಕು. ತಾಳ್ಮೆಯ ಕಲ್ಲು ಮತ್ತು ತಾಳ್ಮೆಯ ಚೂರಿಯ ಕತೆ ಅದು. ಬಡ ಹೆಂಗಸಿನ ಮಗಳಿಗೆ ಒಂದು ಹಕ್ಕಿ ಬಂದು, ನಿನ್ನ ಕಿಸ್ಮತ್ತು ಸತ್ತವನ ಜೊತೆಗಿದೆ ಎಂದು ಹೇಳುತ್ತದೆ. ಹುಡುಗಿ ಒಂದು ಮನೆಯಲ್ಲಿ ಹೆಣದಂತೆ ಮಲಗಿದ ತರುಣನನ್ನು ಕಾಯಬೇಕಾಗುತ್ತದೆ, ನಲವತ್ತು ದಿನ. ಕೊನೆಯ ಹೊತ್ತಿಗೆ ಅವಳು ಒಬ್ಬ ಕಪ್ಪು ದಾಸಿಯನ್ನು ಬಳಿಗೆ ಕರೆಸಿಕೊಂಡು ಅತ್ತ ಸರಿದಾಗ ತರುಣ ಕಣ್ಣುಬಿಡುತ್ತಾನೆ, ಎದುರಿಗಿದ್ದ ದಾಸಿಯೇ ತನ್ನನ್ನು ಕಾಯ್ದವಳೆಂದು ತಿಳಿದು ಮದುವೆಯಾಗುತ್ತಾನೆ. ಕಾಯ್ದವಳು ಅದೇ ಮನೆಯ ಅಡುಗೆಯವಳಾಗುತ್ತಾಳೆ. ಅವನು ಊರಿಗೆ ಹೊರಟಾಗ ಏನು ತರಲಿ ಎಂದು ಕೇಳಿದರೆ ಅವಳು ಬೇಡುವುದು ತಾಳ್ಮೆಯ ಕಲ್ಲನ್ನು, ತಾಳ್ಮೆಯ ಚೂರಿಯನ್ನು. ರಾತ್ರಿ ಒಬ್ಬಳೇ ಕುಳಿತು ತನ್ನ ದುಃಖವನ್ನೆಲ್ಲ ಕಲ್ಲಿಗೆ ಹೇಳುತ್ತಾಳೆ. ಕೇಳುತ್ತ ಕೇಳುತ್ತ ಕಲ್ಲು ಉಬ್ಬುತ್ತದೆ, ತಾಳಲಾರದೆ ಸಿಡಿಯುತ್ತದೆ. ಕಲ್ಲೇ ತಾಳದಿದ್ದದ್ದನ್ನು ನಾನು ಹೇಗೆ ತಾಳಲಿ ಎಂದು ಅವಳು ಚೂರಿಗೆ ಕೈಹಾಕುವಾಗ, ಮರೆಯಲ್ಲಿ ನಿಂತು ಕೇಳಿದ ಅವನು ಓಡಿಬಂದು ತಡೆಯುತ್ತಾನೆ.

ಕನ್ನಡಿಗರಿಗೆ ಈ ಕತೆ ಪರದೇಶದ್ದಲ್ಲ. ಎ.ಕೆ. ರಾಮಾನುಜನ್ ಕನ್ನಡದಿಂದ ಸಂಗ್ರಹಿಸಿ ಇಂಗ್ಲಿಷಿಗೆ ಕೊಟ್ಟ ಕತೆಗಳಲ್ಲಿ ಸತ್ತ ರಾಜಕುಮಾರ ಮತ್ತು ಮಾತಾಡುವ ಗೊಂಬೆಯ ಕತೆಯೊಂದಿದೆ. ಅಲ್ಲಿಯೂ ಸತ್ತ ಗಂಡನೇ ಗತಿ ಎಂಬ ಭವಿಷ್ಯ, ಬಾಗಿಲು ಮುಚ್ಚಿಕೊಳ್ಳುವ ಮನೆ, ವರ್ಷಗಟ್ಟಲೆ ಶುಶ್ರೂಷೆ, ಕೊನೆ ಗಳಿಗೆಯಲ್ಲಿ ಜಾಗ ಕಸಿಯುವ ಇನ್ನೊಬ್ಬಳು. ಕಲ್ಲಿನ ಬದಲು ಗೊಂಬೆ ದುಃಖ ಕೇಳುತ್ತದೆ. ಜಾಗ ಕಸಿಯುವವಳು ಮಾತ್ರ ಇಲ್ಲಿ ಕಪ್ಪು ದಾಸಿಯಲ್ಲ, ದೊಂಬರಾಟದವರ ಹುಡುಗಿ. ಇಸ್ತಾಂಬುಲ್ಲಿನ ಮನೆಗಳಲ್ಲಿ ಆಫ್ರಿಕಾದಿಂದ ತಂದ ಗುಲಾಮ ಹೆಂಗಸರು ಇದ್ದರು. ಕರಿಯರ ಗುಲಾಮ ವ್ಯಾಪಾರವನ್ನು ಸುಲ್ತಾನ 1857ರಲ್ಲೇ ನಿಷೇಧಿಸಿದ್ದರೂ ಗುಲಾಮಗಿರಿ ದಶಕಗಟ್ಟಲೆ ಉಳಿದಿತ್ತು, ಕೂನೋಶ್ ಕತೆ ಕೇಳುತ್ತಿದ್ದಾಗಲೂ ಉಳಿದಿತ್ತು. ಎರಡು ನಾಡುಗಳೂ ಒಂದೇ ಕತೆಯನ್ನು ಹೇಳಿಕೊಂಡು, ಮೋಸಗಾತಿಯ ಪಾತ್ರಕ್ಕೆ ತಮ್ಮ ತಮ್ಮ ಸಮಾಜದ ಕೆಳಗಿನ ಮೆಟ್ಟಿಲಲ್ಲಿದ್ದವಳನ್ನೇ ಆರಿಸಿಕೊಂಡಿವೆ. ಈ ಕ್ರೌರ್ಯವನ್ನು ನಾವು ಗುರುತಿಸಬೇಕಾದರೆ ಕತೆ ಬೇಕು. ಮೂರು ಕಿತ್ತಳೆಯ ಪೆರಿಗಳ ಕತೆಯಲ್ಲೂ ಮರದ ಮೇಲೆ ಕುಳಿತ ಚೆಲುವೆಯ ತಲೆಗೆ ಸೂಜಿ ಚುಚ್ಚಿ ಹಕ್ಕಿ ಮಾಡುವವಳು ಇಂಥವಳೇ. ಯಾರು ನಿಜವಾದ ವಧು, ಯಾರು ಅಲ್ಲ ಎಂಬುದೇ ಈ ಕತೆಗಳ ಜೀವಾಳ. ಕತೆಯಿಂದ ಬೇರ್ಪಟ್ಟ ಚಿತ್ರಕ್ಕೆ ಅದನ್ನು ಹೇಳುವ ಶಕ್ತಿಯಿಲ್ಲ. ಚಿತ್ರಕಾರ ಯಾರನ್ನು ಚೆಲುವೆಯಾಗಿ ಬರೆದ, ಯಾರನ್ನು ಭಯಂಕರವಾಗಿ ಬರೆದ, ಕತೆಗಿಂತ ಮುಂದೆ ಹೋದನೇ, ಹಿಂದೆ ಉಳಿದನೇ ಎಂದು ತೂಗಿ ನೋಡುವ ತಕ್ಕಡಿಯೇ ಆಗ ನಮ್ಮ ಕೈತಪ್ಪುತ್ತದೆ.

ಪುಸ್ತಕ ಒಡೆಯುವುದರಿಂದ ಏನಾಗುತ್ತದೆ ಎಂಬುದು ಊಹೆಯಲ್ಲ, ಇದಕ್ಕಿಂತ ಬಹಳ ದೊಡ್ಡ ಗ್ರಂಥಗಳ ವಿಷಯದಲ್ಲಿ ಜಗತ್ತು ಅದನ್ನು ಕಂಡಿದೆ. ಇರಾನಿನ ರಾಜರ ಮಹಾಕಾವ್ಯವಾದ ಶಹನಾಮೆಯ, ಹದಿನಾಲ್ಕನೆಯ ಶತಮಾನದ ಕೈಬರಹದ ದೊಡ್ಡ ಗ್ರಂಥವೊಂದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪ್ಯಾರಿಸ್ಸಿನ ವ್ಯಾಪಾರಿ ಜಾರ್ಜ್ ದೆಮೊತ್ ಕೈಗೆ ಸಿಕ್ಕಿತು. ಹಾಳೆಯ ಎರಡೂ ಮಗ್ಗುಲಲ್ಲಿ ಚಿತ್ರವಿದ್ದರೆ ಆತ ಹಾಳೆಯನ್ನೇ ಎರಡು ಪದರ ಮಾಡಿಸಿ, ಸಂಬಂಧವಿಲ್ಲದ ಬರಹದ ಮೇಲೆ ಅಂಟಿಸಿ ಮಾರಿದ. ಆ ಗ್ರಂಥದ ಮೂಲ ಕ್ರಮವೇನಿತ್ತೆಂದು ವಿದ್ವಾಂಸರು ಇವತ್ತಿಗೂ ತಡಕಾಡುತ್ತಿದ್ದಾರೆ. ಇನ್ನೊಂದು ಶಹನಾಮೆಯ ಕತೆ ತುರ್ಕಿಗೇ ಸೇರಿದ್ದು. ಶಾ ತಹಮಾಸ್ಪ್ ಬರೆಸಿದ, 258 ಚಿತ್ರಗಳ ಆ ಗ್ರಂಥವನ್ನು 1568ರಲ್ಲಿ ಒಟ್ಟೊಮನ್ ಸುಲ್ತಾನ ಎರಡನೇ ಸೆಲೀಮನಿಗೆ ಉಡುಗೊರೆಯಾಗಿ ಕಳಿಸಲಾಗಿತ್ತು. ಶತಮಾನಗಳ ಕಾಲ ಇಸ್ತಾಂಬುಲ್ಲಿನ ಅರಮನೆಯಲ್ಲಿ ಇಡಿಯಾಗಿ ಉಳಿದ ಗ್ರಂಥವನ್ನು 1959ರಲ್ಲಿ ಕೊಂಡ ಅಮೆರಿಕದ ಧನಿಕ ಆರ್ಥರ್ ಹೌಟನ್ ಹಾಳೆಹಾಳೆ ಬಿಡಿಸಿದರು. 78 ಚಿತ್ರಗಳು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿಗೆ ಹೋದವು, ಹಲವು ಹರಾಜಾದವು. ಉಳಿದ 118 ಚಿತ್ರಗಳು 1994ರಲ್ಲಿ ಕಲಾವಿದ ಡಿ ಕೂನಿಂಗ್ ಅವರ ಒಂದು ತೈಲಚಿತ್ರದ ವಿನಿಮಯವಾಗಿ ಇರಾನಿಗೆ ಮರಳಿದವು. 2022ರಲ್ಲಿ ಅದರ ಒಂದೇ ಹಾಳೆ ಲಂಡನ್ನಿನ ಹರಾಜಿನಲ್ಲಿ ಎಂಬತ್ತು ಲಕ್ಷ ಪೌಂಡಿಗೂ ಹೆಚ್ಚಿಗೆ ಹೋಯಿತು. ಹಾಳೆಯ ಬೆಲೆ ಏರಿದಷ್ಟೂ ಗ್ರಂಥ ಮತ್ತೆ ಒಂದಾಗುವ ಆಸೆ ಕ್ಷೀಣಿಸುತ್ತದೆ.

ಇದಕ್ಕೆ ಮೊದಲ ಆಕ್ಷೇಪ ನ್ಯಾಯವಾದದ್ದೇ: ಆ ಶಹನಾಮೆಗಳು ಜಗತ್ತಿಗೆ ಒಂದೊಂದೇ ಪ್ರತಿ, 1913ರ ಪುಸ್ತಕ ಅಚ್ಚಾದದ್ದು, ಒಂದು ಪ್ರತಿ ಒಡೆದರೆ ಬೇರೆ ಪ್ರತಿಗಳಿಲ್ಲವೇ? ಇವೆ, ಆದರೆ ಹೊಸದಾಗಿ ಒಂದೂ ಹುಟ್ಟುವುದಿಲ್ಲ. ಮಕ್ಕಳ ಕೈಗೆಂದೇ ಕೊಟ್ಟ ಪುಸ್ತಕಗಳು ಎಲ್ಲಕ್ಕಿಂತ ಬೇಗ ಹರಿಯುತ್ತವೆ, ಅವುಗಳಲ್ಲಿ ಹದಿನಾರೂ ಚಿತ್ರಗಳು ತಮ್ಮ ಜಾಗದಲ್ಲೇ ಇರುವ ಪ್ರತಿಗಳು ಇನ್ನೂ ಕಡಿಮೆ. ಆಟ, ತೇವ, ಹುಳ ತಿಂದು ಬಿಟ್ಟದ್ದನ್ನು ಅಲಗು ಮುಗಿಸುತ್ತದೆ. ಅಪರೂಪ ಎಂಬ ಕಾರಣಕ್ಕೇ ಬೆಲೆ ಏರುತ್ತದೆ, ಬೆಲೆ ಏರಿತೆಂದು ಇನ್ನೊಂದು ಪ್ರತಿ ಒಡೆಯುತ್ತದೆ, ಉಳಿದವು ಮತ್ತೂ ಅಪರೂಪವಾಗುತ್ತವೆ. ಈ ಚಕ್ರಕ್ಕೆ ತನ್ನಷ್ಟಕ್ಕೆ ನಿಲ್ಲುವ ಗುಣವಿಲ್ಲ.

ಇಡೀ ಪುಸ್ತಕ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದಲ್ಲ, ಕಾಗದದ ಪ್ರತಿಗೆ ಏಕೆ ಇಷ್ಟು ಮರುಗಬೇಕು ಎಂದು ಕೇಳುವವರಿದ್ದಾರೆ. ಸಿಗುತ್ತದೆ, ಅದು ದೊಡ್ಡ ಉಪಕಾರವೇ. ಕತೆ ಓದಲು ಅದು ಧಾರಾಳ ಸಾಕು. ಆದರೆ ಒಂದು ಇಡೀ ಪ್ರತಿ ಉಳಿದಿದ್ದಕ್ಕೆ ಆ ಸ್ಕ್ಯಾನ್ ಸಾಧ್ಯವಾಯಿತು. ಹತ್ತು ವರ್ಷಗಳ ಹಿಂದಿನ ಸ್ಕ್ಯಾನಿಗೂ ಇಂದಿನದಕ್ಕೂ ಬಣ್ಣದಲ್ಲಿ ಎಷ್ಟು ವ್ಯತ್ಯಾಸವಿದೆ ಎಂದು ನೋಡಿದವರಿಗೆ ಗೊತ್ತು, ಮುಂದೆ ಇನ್ನೂ ಒಳ್ಳೆಯದು ಬರುತ್ತದೆ, ಆಗಲೂ ಕ್ಯಾಮೆರಾದ ಕೆಳಗೆ ಇಡಲು ಪುಸ್ತಕ ಬೇಕು. ನಿಜವೆಂದರೆ ಡಿಜಿಟಲ್ ಪ್ರತಿ ಇರುವುದು ಪುಟ ಕೀಳುವವರ ವಾದವನ್ನೇ ಬುಡಮೇಲು ಮಾಡುತ್ತದೆ. ಒಳ್ಳೆಯ ಚಿತ್ರ ಕಪಾಟಿನಲ್ಲಿ ಮುಚ್ಚಿಕೊಂಡಿರುವುದಕ್ಕಿಂತ ನಾಲ್ಕು ಜನ ನೋಡುವ ಗೋಡೆಯ ಮೇಲಿರಲಿ ಎನ್ನುತ್ತಾರೆ ಅವರು. ಇರಲಿ. ಅದಕ್ಕೆ ಮೂಲ ಹಾಳೆಯೇ ಏಕೆ ಬೇಕು? ಪೊಗಾನಿ ತೀರಿಕೊಂಡದ್ದು 1955ರಲ್ಲಿ. ಲೇಖಕರ ಮರಣಾನಂತರ ಅರವತ್ತು ವರ್ಷ ಹಕ್ಕು ಉಳಿಯುವ ನಮ್ಮ ದೇಶದ ನಿಯಮದಂತೆ 2016ರಿಂದಲೇ ಅವರ ಚಿತ್ರಗಳು ಇಲ್ಲಿ ಎಲ್ಲರ ಸ್ವತ್ತು. ಒಳ್ಳೆಯ ಕಾಗದದ ಮೇಲೆ ಅಚ್ಚುಹಾಕಿಸಿ ಎಷ್ಟು ಮನೆಗಳ ಗೋಡೆಗಾದರೂ ತೂಗುಹಾಕಬಹುದು. ಕನ್ನಡದ ಪ್ರಕಾಶಕರೊಬ್ಬರು ಮನಸ್ಸು ಮಾಡಿದರೆ ಆ ಚಿತ್ರಗಳನ್ನು ಅವುಗಳ ಕತೆಯ ಪಕ್ಕದಲ್ಲೇ ಇಟ್ಟು ನಮ್ಮ ಮಕ್ಕಳಿಗೂ ಕೊಡಬಹುದು. ಯಾವ ಚಿತ್ರ ಯಾವ ಕತೆಯ ಯಾವ ಪುಟದ ಎದುರಿಗಿತ್ತು ಎಂದು ತೋರಿಸುವ ಇಡೀ ಪ್ರತಿ ಇದ್ದರೆ ಮಾತ್ರ ಅದು ಸಾಧ್ಯ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆ ದಿಕ್ಕಿನದು. ತುರ್ಕಿ ಹೆಂಗಸರು ಹೇಳಿದ ಕತೆಯನ್ನು ಹಂಗೇರಿಯವನೊಬ್ಬ ಬರೆದುಕೊಂಡ, ಇನ್ನೊಬ್ಬ ಹಂಗೇರಿಯವ ತನ್ನ ಕಲ್ಪನೆಯ ಪೂರ್ವದೇಶವನ್ನು ಅದಕ್ಕೆ ಬರೆದ, ಲಂಡನ್ನಿನವರು ಮಾರಿದರು. ಕತೆ ಹೇಳಿದವರ ಹೆಸರೇ ಇಲ್ಲದ ಇಂಥ ಪುಸ್ತಕ ಒಡೆದರೆ ತುರ್ಕಿಗೆ ಏನು ನಷ್ಟ ಎಂಬುದು ಅದು. ಹೆಸರಿಲ್ಲದಿರುವುದು ಸಣ್ಣ ಲೋಪವಲ್ಲ. ಇದಕ್ಕೆ ನಲವತ್ತೈದು ವರ್ಷ ಮೊದಲೇ, 1868ರಲ್ಲಿ, ಮೇರಿ ಫ್ರೇರ್ ಎಂಬಾಕೆ ದಖ್ಖನಿನ ಕತೆಗಳನ್ನು ಲಂಡನ್ನಿನಲ್ಲಿ ಪ್ರಕಟಿಸಿದಾಗ, ಕತೆ ಹೇಳಿದ ಆಯಾ ಆನಾ ಲಿಬರೇಟಾ ಡಿಸೋಜಾ ಅವರ ಹೆಸರನ್ನೂ ಅವರೇ ಹೇಳಿದ ಬಾಳಕತೆಯನ್ನೂ ಪುಸ್ತಕದಲ್ಲಿ ಸೇರಿಸಿದ್ದರು. ತಮ್ಮ ಹಿರಿಯರು ಲಿಂಗಾಯತರಾಗಿದ್ದರೆಂದು ಆನಾ ಅಲ್ಲಿ ಹೇಳಿಕೊಂಡಿದ್ದಾರೆ. ಅಂದರೆ ಹೆಸರು ಬರೆಯುವುದು ಆ ಕಾಲಕ್ಕೂ ಅಸಾಧ್ಯವಾಗಿರಲಿಲ್ಲ. 1913ರ ಪುಸ್ತಕ ಅದನ್ನು ಮಾಡಲಿಲ್ಲ. ಆದರೆ ಈ ಆರೋಪ ಹೊರಿಸಲು ನಮಗಿರುವ ಸಾಕ್ಷಿಯೇ ಆ ಪುಸ್ತಕ. ಶೀರ್ಷಿಕೆ ಪುಟದಲ್ಲಿ ಯಾರ ಹೆಸರಿದೆ, ಯಾರದಿಲ್ಲ, ಮುನ್ನುಡಿಯಲ್ಲಿ ತುರ್ಕರನ್ನು ಹೇಗೆ ಬಣ್ಣಿಸಿದ್ದಾರೆ, ಎಲ್ಲಿ ಚಿತ್ರ ಕತೆಯನ್ನು ಹಿಗ್ಗಿಸಿದೆ, ಎಲ್ಲಿ ಸುಳ್ಳಾಗಿಸಿದೆ ಎಂದು ಇಸ್ತಾಂಬುಲ್ಲಿನ ಒಬ್ಬ ವಿದ್ಯಾರ್ಥಿನಿ ನಾಳೆ ಪ್ರಶ್ನಿಸಬೇಕಾದರೆ ಅವಳೆದುರು ಇಡೀ ಪುಸ್ತಕವಿರಬೇಕು. ತಪ್ಪಿರುವ ದಾಖಲೆಯನ್ನು ಹರಿದು ಹಂಚಿದರೆ ತಪ್ಪು ಅಳಿಯುವುದಿಲ್ಲ. ಚಿತ್ರದ ಮೋಹ ಉಳಿದು, ಅದನ್ನು ಪ್ರಶ್ನಿಸುವ ಆಧಾರ ಹೋಗುತ್ತದೆ. ಪೂರ್ವದೇಶದ ಬಗ್ಗೆ ಪಶ್ಚಿಮದ ಕಲ್ಪನೆ ಅತ್ಯಂತ ನಿಷ್ಪಾಪಿಯಾಗಿ ಕಾಣುವುದು ಹೀಗೆ ಕತೆ ಕಳಚಿಕೊಂಡು ಗೋಡೆಗೇರಿದಾಗಲೇ.

ಕಾನೂನು ತಂದು ಇದನ್ನು ತಡೆಯಿರಿ ಎನ್ನುವುದು ಆಗದ ಮಾತು. ಕೊಂಡವನ ಸ್ವತ್ತನ್ನು ಅವನು ಏನು ಮಾಡಿದನೆಂದು ಮನೆಗೆ ಹೋಗಿ ನೋಡಲಾಗದು. ಒತ್ತಡ ಬೀಳಬೇಕಾದ್ದು ವ್ಯಾಪಾರದ ಮೇಲೆ. ಬಿಡಿ ಹಾಳೆ ಹರಾಜಿಗೆ ಬಂದಾಗ ಅದು ಎಂದು, ಯಾವ ಪ್ರತಿಯಿಂದ, ಯಾಕೆ ಬೇರ್ಪಟ್ಟಿತು ಎಂದು ಬರೆದು ತಿಳಿಸುವುದನ್ನು ಹರಾಜು ಸಂಸ್ಥೆಗಳು ಕಡ್ಡಾಯ ಮಾಡಿಕೊಳ್ಳಬಹುದು. ಪ್ರಾಚೀನ ಶಿಲ್ಪಗಳ ವಿಷಯದಲ್ಲಿ ಇಂಥ ಪ್ರಶ್ನೆ ಕೇಳುವ ರೂಢಿ ಬಂದಿದೆ, ಪುಸ್ತಕಕ್ಕೆ ಏಕೆ ಬರಬಾರದು? ಗ್ರಂಥಾಲಯಗಳ ಸೂಚಿಯಲ್ಲಿ ಪುಟಗಳ ಸಂಖ್ಯೆಯ ಜೊತೆಗೆ ಇಷ್ಟು ಬಣ್ಣದ ಚಿತ್ರಗಳಿವೆ, ಇಂತಿಂಥವು ಇಲ್ಲ ಎಂದು ನಮೂದಿಸಿದರೆ ಚಿತ್ರಗಳ ಕಳವೂ ಕಡಿಮೆಯಾಗುತ್ತದೆ. ಕೊಳ್ಳುವವರ ಕೈಯಲ್ಲಿ ಇನ್ನೂ ದೊಡ್ಡ ಶಕ್ತಿಯಿದೆ: ಬಿಡಿ ಹಾಳೆಗೆ ಗಿರಾಕಿ ಇಲ್ಲದ ದಿನ ಅಲಗಿಗೆ ಕೆಲಸವಿಲ್ಲ.

ಒಂದು ವಿನಾಯಿತಿಯನ್ನು ಒಪ್ಪಬೇಕಾಗುತ್ತದೆ. ಬೆಂಕಿಯಲ್ಲಿ ಅರ್ಧ ಸುಟ್ಟ, ನೀರಿನಲ್ಲಿ ಕತೆಯ ಪುಟಗಳೆಲ್ಲ ಮುದ್ದೆಯಾದ, ಮತ್ತೆ ಹೊಲಿದು ಕಟ್ಟಲು ಬಾರದ ಪ್ರತಿಗಳಿರುತ್ತವೆ. ಅದರೊಳಗೆ ನಾಲ್ಕು ಚಿತ್ರ ಚೆನ್ನಾಗಿ ಉಳಿದಿದ್ದರೆ ಅವನ್ನು ಕೊಳೆಯಲು ಬಿಡಿ ಎನ್ನುವುದು ವಿವೇಕವಲ್ಲ. ಅಂಥ ಚಿತ್ರ ಮೊದಲು ಹೋಗಬೇಕಾದ್ದು ಅದೇ ಚಿತ್ರ ಕಳೆದುಕೊಂಡ ಇನ್ನೊಂದು ಪ್ರತಿಯಿರುವ ಗ್ರಂಥಾಲಯಕ್ಕೆ. ಅಲ್ಲಿ ಅದನ್ನು ಹೊರಗಿನಿಂದ ಬಂದದ್ದೆಂದು ಗುರುತು ಮಾಡಿ ಖಾಲಿ ಬಿದ್ದ ಹಾಳೆಯ ಮೇಲೆ ಕೂರಿಸಬಹುದು. ಅಂಥ ಜಾಗ ಸಿಗದಿದ್ದರೆ ಮಾತ್ರ ಚೌಕಟ್ಟಿಗೆ ಹೋಗಲಿ. ಆಗಲೂ ಚೌಕಟ್ಟಿನ ಹಿಂದೆ ಕತೆಯ ಹೆಸರು, ಪುಟದ ಸಂಖ್ಯೆ, ಆವೃತ್ತಿಯ ವರ್ಷ, ಪ್ರತಿ ಹಾಳಾದ ಬಗೆ, ಇಷ್ಟನ್ನು ಬರೆದು ಅಂಟಿಸುವ ಹೊಣೆ ಮಾರುವವನದು.